ಪ್ರತಿಕ್ರಿಯೆ: ‘ಯೂನಿಯೋ’ ಮತ್ತು ‘ಲ್ಯಾಮೆಲ್ಲಿಡೆನ್ಸ್’ ಒಂದೇ ಪ್ರಭೇದದ ಹೆಸರುಗಳೇ?

ನಮಸ್ಕಾರ. ಹಳೆಯ ಪಟ್ಟಿಯ ‘ಯೂನಿಯೋ ಮಾರ್ಜಿನಾಲಿಸ್’ ಮತ್ತು ಹೊಸ ಪಟ್ಟಿಯ ‘ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್’ ಬೇರೆ ಬೇರೆ ಸಿಹಿನೀರಿನ ಕಪ್ಪೆಚಿಪ್ಪುಗಳೇ, ಹೊಸದರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್ ಅವರ ಹೆಸರು ಆವರಣದೊಳಗೆ ಏಕಿದೆ ಎಂದು ಕೇಳಿದ್ದೀರಿ.

ಎರಡೂ ಒಂದೇ ಪ್ರಭೇದ. 1819ರಲ್ಲಿ ಇದನ್ನು ವಿವರಿಸಿದ ಲಾಮಾರ್ಕ್, ಆಗ ಬಹಳ ವಿಶಾಲವಾಗಿದ್ದ ಯೂನಿಯೋ ಕುಲದಲ್ಲಿ ಇದನ್ನು ಸೇರಿಸಿದ್ದರು. 1900ರಲ್ಲಿ ಅಮೆರಿಕದ ಚಾರ್ಲ್ಸ್ ಟಾರೆ ಸಿಂಪ್ಸನ್ ಲ್ಯಾಮೆಲ್ಲಿಡೆನ್ಸ್ ಕುಲವನ್ನು ಸ್ಥಾಪಿಸಿದ ಮೇಲೆ ಇದು ಅದರಡಿ ಬಂದಿತು. ಕುಟುಂಬ ಮಾತ್ರ ಇಂದಿಗೂ ಯೂನಿಯೋನಿಡೇ. ಪ್ರಭೇದವೊಂದು ಮೂಲ ಕುಲದಿಂದ ಬೇರೆ ಕುಲಕ್ಕೆ ಹೋದಾಗ, ಮೊದಲು ವಿವರಿಸಿದವರ ಹೆಸರನ್ನೂ ವರ್ಷವನ್ನೂ ಆವರಣದಲ್ಲಿ ಬರೆಯಬೇಕೆಂಬುದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಿಯಮ. ಆದ್ದರಿಂದ ‘(ಲಾಮಾರ್ಕ್, 1819)’ ಎಂಬುದೇ ಸರಿಯಾದ ರೂಪ. ಆವರಣವನ್ನು ಕೈಬಿಟ್ಟರೆ ಲ್ಯಾಮೆಲ್ಲಿಡೆನ್ಸ್ ಕುಲದಲ್ಲಿಯೇ ಲಾಮಾರ್ಕ್ ಇದನ್ನು ವಿವರಿಸಿದರೆಂಬ ತಪ್ಪು ಅರ್ಥ ಬರುತ್ತದೆ.

ನೀವು ಹೊರಚಿಪ್ಪಿನ ಚಿತ್ರವನ್ನಷ್ಟೇ ಹಾಕಿರುವುದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೀರಿನ ಸೆಳೆತ, ತಳದ ಮಣ್ಣು ಮತ್ತು ವಯಸ್ಸಿಗೆ ಅನುಗುಣವಾಗಿ ಚಿಪ್ಪಿನ ಆಕಾರ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕುಟುಂಬದ ಒಂದೇ ಪ್ರಭೇದಕ್ಕೆ ಹಲವು ಹೆಸರುಗಳು ಬಂದದ್ದು ಬಹುಮಟ್ಟಿಗೆ ಇದೇ ಕಾರಣದಿಂದ. ಚಿಪ್ಪಿನ ಒಳಭಾಗದ ಕೀಲಿನ ಹಲ್ಲುಗಳು (ಎರಡು ಚಿಪ್ಪುಗಳು ಕೂಡುವಲ್ಲಿನ ಉಬ್ಬುಗಳು) ಕಾಣುವಂತೆ ಚಿತ್ರ ಹಾಕಿ: ಲ್ಯಾಮೆಲ್ಲಿಡೆನ್ಸ್‌ನಲ್ಲಿ ಅವು ತೆಳ್ಳಗಿನ ಪದರದಂತಿದ್ದರೆ, ಇದೇ ಕುಟುಂಬದ ಪ್ಯಾರೇಸಿಯಾ ಕುಲದಲ್ಲಿ ದಪ್ಪವಾಗಿರುತ್ತವೆ.