ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಹೋಗ್ತಿದ್ರೆ ಅದು ಸೆಲ್ಲಿನ ತಪ್ಪಲ್ಲ

ಪ್ರಶ್ನೆ: ಹಳೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಜೊತೆಗೇ ಲಿನಕ್ಸ್ ಮಿಂಟ್ 22 ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಮಿಂಟ್ ಬಳಸಿ ಆಮೇಲೆ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಅಂಗಡಿಯಲ್ಲಿ ಒಳಗಿನ ಸೆಲ್ ಬದಲಿಸಿದರು, ಏನೂ ಪ್ರಯೋಜನ ಆಗಲಿಲ್ಲ. ಇನ್ನೊಂದು, ನನಗೆ ವಿಂಡೋಸ್‌ನ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಅಭ್ಯಾಸ. ಮಿಂಟ್‌ನ ಕೀಬೋರ್ಡ್ ಪಟ್ಟಿಯಿಂದ ಕನ್ನಡ ಕಗಪ (ನುಡಿಯಲ್ಲಿರುವ ಕೀಲಿ ವಿನ್ಯಾಸ) ಸೇರಿಸಿದೆ. ಆದರೆ ಪದದ ಮೊದಲಲ್ಲಿ 'ಇ' ಒತ್ತಿದರೆ ಬರೀ ಗುಡಿಸು ಬರುತ್ತದೆ.

ಉತ್ತರ: ಸೆಲ್ಲಿನ ದುಡ್ಡು ಸುಮ್ನೆ ದಂಡ ಆಯ್ತು. ಸೆಲ್ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಪ್ರತಿ ಸಲ ಅಳೆದಿಟ್ಟಂತೆ ಐದೂವರೆ ಗಂಟೆ ಹೋಗುವುದಿಲ್ಲ. ಗ್ರೀನಿಚ್‌ಗೂ ನಮಗೂ ಇರುವ ಅಂತರವೇ ಅದು, ಅಲ್ವಾ? ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಗಡಿಯಾರ ಇದೆ. ಮಿಂಟ್ ಅದರಲ್ಲಿ ಯುಟಿಸಿ, ಅಂದರೆ ಗ್ರೀನಿಚ್ ಲೆಕ್ಕದ ಸಮಯ ಬರೆದಿಟ್ಟು, ಪರದೆಗೆ ತರುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಮಾತ್ರ ಅಲ್ಲಿರುವುದು ಊರಿನ ಸಮಯವೇ ಅಂದುಕೊಂಡು ಹಾಗೇ ತೋರಿಸುತ್ತದೆ. ಇಬ್ಬರಲ್ಲಿ ಒಬ್ಬರನ್ನು ಒಪ್ಪಿಸಬೇಕು, ಅಷ್ಟೇ.

ವಿಂಡೋಸ್ ತನ್ನ ಒಳ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಕೈ ಹಾಕಿಯೂ ಇದನ್ನು ಸರಿ ಮಾಡಬಹುದು, ಆದರೆ ನಿಮಗೆ ಮಿಂಟ್ ಕಡೆಯಿಂದ ಮಾಡುವುದೇ ಸುಲಭ. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಡಿ. ಇಂಗ್ಲಿಷ್‌ನಲ್ಲಿ, ಎಲ್ಲಾ ಸಣ್ಣಕ್ಷರ. ಮೊದಲ ಪದ ಒಂದೇ ಉಸಿರಿನದ್ದು, ಎರಡನೆಯದರ ನಡುವೆ ಎರಡು ಅಡ್ಡಗೆರೆ. ಆಮೇಲೆ ಬರೀ 'ಟೈಮ್‌ಡೇಟ್‌ಸಿಟಿಎಲ್' ಕೊಟ್ಟು ನೋಡಿದರೆ ಒಂದು ಎಚ್ಚರಿಕೆ ಕಾಣುತ್ತದೆ, ಹೆದರಬೇಡಿ. ಟೈಮ್ ಝೋನ್ ಬದಲಾದಾಗ, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವಾಗ ತೊಂದರೆ ಆಗುತ್ತದೆ ಅನ್ನುವುದು ಅದರ ತಕರಾರು. ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ. ಲ್ಯಾಪ್‌ಟಾಪ್ ಹಿಡಿದು ಅಮೆರಿಕಕ್ಕೆ ಹೊರಟರೆ 1 ಇರುವಲ್ಲಿ 0 ಹಾಕಿ ವಾಪಸ್ ಮಾಡಿಕೊಳ್ಳಿ.

ಇನ್ನು 'ಇ' ವಿಷಯ. ನೀವು ಸೇರಿಸಿದ್ದು ಒಂದು ಕೀಲಿಗೆ ಒಂದು ಅಕ್ಷರ ಕೊಡುವ ಬರೀ ವಿನ್ಯಾಸ. ಹಿಂದೆ ವ್ಯಂಜನ ಇದೆಯೋ ಇಲ್ಲವೋ ಅಂತ ಅದು ತಿರುಗಿ ನೋಡುವುದಿಲ್ಲ. ಬಲಗಡೆಯ ಆಲ್ಟ್ ಹಿಡಿದು ಒತ್ತಿ, ಪೂರ್ತಿ ಸ್ವರ ಬರುತ್ತದೆ. ಆದರೆ ನುಡಿಗೆ ಒಗ್ಗಿದ ಬೆರಳು ಇದನ್ನು ಕೇಳುವುದಿಲ್ಲ ಬಿಡಿ, ಹಾಗಾಗಿ ಆ ವಿನ್ಯಾಸ ತೆಗೆದುಹಾಕಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಮತ್ತು ಅದಕ್ಕೆ ಕನ್ನಡದಂಥ ಭಾಷೆಗಳ ವಿನ್ಯಾಸ ಕೊಡುವ ಐಬಸ್-ಎಂ17ಎನ್ ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಈ ಲಾಗ್ ಔಟ್ ಮರೆತು 'ಕೆಲಸ ಮಾಡ್ತಿಲ್ಲ' ಅನ್ನುವವರೇ ಜಾಸ್ತಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗಿರುವ ಕೆಜಿಪಿ (ಅದೂ ಕಗಪವೇ) ಸೇರಿಸಿ. ಇದು ಹಿಂದಿನ ಅಕ್ಷರ ನೋಡಿಕೊಂಡು ಇ ಬೇಕೋ ಗುಡಿಸು ಬೇಕೋ ತಾನೇ ತೀರ್ಮಾನಿಸುತ್ತದೆ.

ಒಂದು ಮಾತು. ನುಡಿಯ ಹಳೆ ಫೈಲುಗಳು ಮಿಂಟ್‌ನಲ್ಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರದಂತೆ ಕಂಡರೆ ಐಬಸ್ ಮೇಲೆ ಸಿಟ್ಟಾಗಬೇಡಿ, ಅವು ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಂಕೇತದಲ್ಲಿ ಇಲ್ಲ. ಹೇಗೂ ವಿಂಡೋಸ್ ಇನ್ನೂ ಇದೆಯಲ್ಲ, ನುಡಿಯ ಪರಿವರ್ತಕದಲ್ಲೇ ಯೂನಿಕೋಡ್ ಮಾಡಿಕೊಂಡು ಈ ಕಡೆ ತನ್ನಿ.