ಕಡವೆಯ ಮೂಗಿಗೆ ಸಿಗದೆ ಕೂರುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಲೈಸೆನ್ಸ್ ಪಡೆದು ಜಿಂಕೆ ಬೇಟೆಗೆ ಹೋಗುತ್ತಾನೆ. ಮೈವಾಸನೆ ಮುಚ್ಚಲು ಅಲ್ಲಿ ಸ್ಪ್ರೇ, ಇದ್ದಿಲಿನ ಪದರವಿರುವ ಬಟ್ಟೆ ಎಲ್ಲ ಸಿಗುತ್ತವಂತೆ. ನನಗೆ ಬೇಟೆ ಬೇಡ. ನಮ್ಮ ಸೊಪ್ಪಿನಬೆಟ್ಟದ ಹಳ್ಳಕ್ಕೆ ಸಂಜೆ ನೀರಿಗೆ ಬರುವ ಕಡವೆಯ ಒಂದು ಫೋಟೊ ಸಾಕು. ಬೆಟ್ಟದ ಮೇಲಿಂದ ಇಳಿದು, ಹಳ್ಳ ಕಾಣುವ ಮರದ ಬುಡದಲ್ಲಿ ಕೂರುತ್ತೇನೆ. ಪ್ರತಿ ಸಲವೂ ಅದಕ್ಕೆ ಗೊತ್ತಾಗಿಬಿಡುತ್ತದೆ. ಆ ಸ್ಪ್ರೇ ತರಿಸಲೇ?
– ಓದುಗರು, ಹುಲೇಕಲ್, ಶಿರಸಿ

ಉತ್ತರ: ಬೇಡ, ದುಡ್ಡು ದಂಡ. ಬೇಟೆಯ ಆಸೆ ಇಲ್ಲದ್ದು ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಕಡವೆ ಹೊಡೆದವನಿಗೆ ಜೈಲೇ ಗತಿ. ಆದರೆ ಕೋವಿ ಹಿಡಿದವನಾಗಲಿ, ಕ್ಯಾಮೆರಾ ಹಿಡಿದವನಾಗಲಿ, ಆ ಮೂಗಿಗೆ ಇಬ್ಬರೂ ಒಂದೇ.

ನಮ್ಮ ಚರ್ಮದ ಹೊಟ್ಟು ಸದಾ ಉದುರುತ್ತಿರುತ್ತದೆ, ಬೆವರಿನಲ್ಲಿ ಬ್ಯಾಕ್ಟೀರಿಯಾ ವಾಸನೆ ಹುಟ್ಟಿಸುತ್ತಲೇ ಇರುತ್ತವೆ. ಏರು ಹತ್ತಿ ಏದುಸಿರು ಬಿಟ್ಟರೆ ಸ್ಪ್ರೇ ಏನು ಮಾಡೀತು? ವಾಸನೆ ಅಳಿಸುವ ಗೋಜು ಬಿಟ್ಟು, ಅದು ಎತ್ತ ಹೋಗುತ್ತದೆ ಎಂದು ನೋಡಿ.

ನೀವು ಕೂರುವ ಜಾಗವೇ ತಪ್ಪು. ಹೊತ್ತು ಮುಳುಗುವಾಗ ಬೆಟ್ಟದ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿಯುತ್ತದೆ. ನಿಮ್ಮ ವಾಸನೆ ನಿಮಗಿಂತ ಮೊದಲೇ ಹಳ್ಳ ಸೇರಿರುತ್ತದೆ! ಬೆಳಿಗ್ಗೆ ಬಿಸಿಲು ಏರಿದ ಮೇಲೆ ಇದು ಉಲ್ಟಾ: ಗಾಳಿ ಮೇಲಕ್ಕೆ ಏರುತ್ತದೆ, ಆಗ ನಿಮ್ಮ ಮರದ ಬುಡ ಸರಿ. ಸಂಜೆಗಾದರೆ ಸುತ್ತು ಹಾಕಿ ಕೆಳಗಿನಿಂದ ಬನ್ನಿ, ಕಡವೆ ನೀರಿಗಿಳಿಯುವ ಜಾಗಕ್ಕಿಂತ ಕೆಳಗೇ ಕುಳಿತುಬಿಡಿ. ಮಧ್ಯಾಹ್ನದ ಪಡುಗಾಳಿ ನಿಂತಿದೆಯೋ ಇಲ್ಲವೋ ತಿಳಿಯಲು ಬೆಂಕಿಪೊಟ್ಟಣದಲ್ಲಿ ಒಲೆಯ ಬೂದಿ ಇಟ್ಟುಕೊಳ್ಳಿ. ಒಂದು ಚಿಟಿಕೆ ಉದುರಿಸಿದರೆ ಸಾಕು, ದಿಕ್ಕು ಕಾಣುತ್ತದೆ.

ಹೋಗುವ ದಾರಿಯಲ್ಲೂ ವಾಸನೆ ಉಳಿಯುತ್ತದೆ. ಚರ್ಮದ ಶೂ ಬೇಡ, ಗಮ್‌ಬೂಟು ಹಾಕಿ. ಸಾಧ್ಯವಾದಲ್ಲಿ ನೀರಿನಲ್ಲೇ ನಡೆಯಿರಿ. ಸೊಪ್ಪು, ಗಿಡ ಹಿಡಿದು ಹತ್ತಬೇಡಿ. ಅದೇ ಬೂಟಿನಲ್ಲಿ ಕೊಟ್ಟಿಗೆಗೆ ಹೋಗಿದ್ದರೆ ಚಿಂತೆಯಿಲ್ಲ, ದನ ಮೇಯುವ ಬೆಟ್ಟದಲ್ಲಿ ಸಗಣಿ ವಾಸನೆಗೆ ಕಡವೆ ಬೆದರಿದ್ದು ನಾನಂತೂ ಕಂಡಿಲ್ಲ. ಪೆಟ್ರೋಲ್ ಬಂಕಿಗೆ ಹೋದ ಬೂಟು ಮಾತ್ರ ಬೇಡವೇ ಬೇಡ. ಬಟ್ಟೆಯನ್ನು ಅಂಟುವಾಳದಲ್ಲಿ ಒಗೆದು ಅಂಗಳದಲ್ಲಿ ಒಣಗಿಸಿ, ಬಚ್ಚಲೊಲೆಯ ಹೊಗೆಗಲ್ಲ. ನಿಧಾನ ನಡೆಯಿರಿ, ಅಂಗಿ ಚೀಲದಲ್ಲಿರಲಿ, ಕೂತಮೇಲೆ ಬದಲಿಸಿ. ಮತ್ತೆ, ಕಷ್ಟವೇ ಸರಿ, ಆ ಒಂದು ಸಂಜೆ ಎಲೆ-ಅಡಿಕೆಯ ಕವಳ ಬಿಡಿ. ಉಂಬಳ (ಜಿಗಣೆ) ಹತ್ತಬಾರದೆಂದು ಕಾಲಿಗೆ ತಂಬಾಕು ಸವರಿಕೊಳ್ಳುವವರು ಮಳೆಗಾಲ ಮುಗಿಯುವತನಕ ಮನೆಯಲ್ಲೇ ಇರುವುದು ಮೇಲು.

ಇಷ್ಟನ್ನೂ ಪಾಲಿಸಿ ಒಂದು ಚಳಿಗಾಲ ನಾನೇ ಕೆಟ್ಟೆ. ಗಾಳಿ ಸರಿಯಿತ್ತು, ಗಂಡು ಕಡವೆ ಐವತ್ತು ಹೆಜ್ಜೆ ದೂರಕ್ಕೆ ಬಂದಿತ್ತು. ಗಾಳಿ ಒಮ್ಮೆ, ಒಂದೇ ಒಮ್ಮೆ, ಸುಳಿ ತಿರುಗಿತು. ಕಡವೆ ಮೂಗೆತ್ತಿತು, ಮುಂಗಾಲು ನೆಲಕ್ಕೆ ಕುಟ್ಟಿತು, ‘ಢಾಂಕ್’ ಎಂದು ಒದರಿ ಮಟ್ಟಿಯೊಳಗೆ ಮಾಯ. ಮನೆಗೆ ಬಂದರೆ ಹೆಂಡತಿ ಮೂಗು ಮುಚ್ಚಿಕೊಂಡಳು: “ಟ್ರಂಕಿನಿಂದ ತೆಗೆದ ಸ್ವೆಟರ್ ಹಾಗೇ ಹಾಕ್ಕಂಡು ಹೋಗಿದ್ರಾ? ನುಸಿಗುಳಿಗೆ ಇನ್ನೂ ಕಿಸೆಯಲ್ಲೇ ಇದ್ದು!”