"ಅವನ ಅಪ್ಪ ಪ್ರಾಣಿ ಕೊಲ್ತಾರಂತೆ, ಅವನ ಜೊತೆ ಆಡಲ್ಲ"

ಪ್ರಶ್ನೆ: ತಟ್ಟೆಯಲ್ಲಿರುವ ಮಾಂಸ ಪ್ರಾಣಿಯನ್ನು ಕೊಂದು ತಂದದ್ದು ಅಂತ ಏಳು ವರ್ಷದ ಮಗಳಿಗೆ ಈಗಷ್ಟೇ ಗೊತ್ತಾಗಿದೆ. ಅಂದಿನಿಂದ ಮಾಂಸ ಮುಟ್ಟುತ್ತಿಲ್ಲ. ಅವಳ ತರಗತಿಯ ಹುಡುಗನ ತಂದೆ ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರು ಕೆಟ್ಟವರು, ಆ ಹುಡುಗನ ಜೊತೆ ಆಡುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ಏನು ಹೇಳಲಿ?

ಮಕ್ಕಳ ಮನಶ್ಶಾಸ್ತ್ರಜ್ಞರ ಉತ್ತರ: ಇಷ್ಟು ದಿನ ಗೊತ್ತಿರಲಿಲ್ಲವಲ್ಲ ಅಂತ ಅಚ್ಚರಿಪಡಬೇಡಿ. ಅಮೆರಿಕದಲ್ಲಿ 4ರಿಂದ 7 ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹಂದಿಮಾಂಸದ ಬೇಕನ್ ಗಿಡದಿಂದ ಬರುತ್ತದೆ ಅಂದವರು ಅದರಲ್ಲಿ ನೂರಕ್ಕೆ ಸುಮಾರು 40 ಮಕ್ಕಳು. ದೊಡ್ಡವರು ಹೇಳುವುದಿಲ್ಲ, ಮಕ್ಕಳು ನೋಡಿರುವುದಿಲ್ಲ, ಅಷ್ಟೇ.

ನೋಡದಿರುವುದೂ ಸುಮ್ನೆ ಆದದ್ದಲ್ಲ. ಪ್ಯಾರಿಸ್‌ನಲ್ಲಿ ಹಿಂದೆ ಊರೊಳಗೇ, ಕಟುಕರ ಅಂಗಡಿಗಳ ಹಿಂದೆಯೇ ಪ್ರಾಣಿಗಳನ್ನು ಕಡಿಯುತ್ತಿದ್ದರು. 1810ರಲ್ಲಿ ನೆಪೋಲಿಯನ್ ಆದೇಶ ಹೊರಡಿಸಿದ. ಊರಿನ ಅಂಚಿನಲ್ಲಿ ಐದು ಕಸಾಯಿಖಾನೆಗಳು ಎದ್ದವು, 1818ರಲ್ಲಿ ಕೆಲಸ ಶುರುಮಾಡಿದವು. ಬೇರೆ ನಗರಗಳೂ ಇದೇ ದಾರಿ ಹಿಡಿದವು. ಬೀದಿ ಚೊಕ್ಕಟವಾಯಿತು, ರೋಗದ ಭಯ ತಗ್ಗಿತು. ಜೊತೆಗೆ ಆ ಕೆಲಸ ಮಾಡುವವರೂ ಗೋಡೆಯ ಹಿಂದೆ ಹೋದರು. ಮಾಂಸ ತಿನ್ನುವವರಿಗೆ ಇದು ಅನುಕೂಲವೇ ಆಯಿತು ನೋಡಿ. ಕೊಲ್ಲುವುದರ ಬಗ್ಗೆ ಇರುವ ಇರುಸುಮುರುಸನ್ನೆಲ್ಲ ಕತ್ತಿ ಹಿಡಿದವನ ತಲೆಗೆ ಕಟ್ಟಿಬಿಟ್ಟರೆ ತಾವು ಆರಾಮಾಗಿ ಊಟ ಮಾಡಬಹುದು, ಅಲ್ವಾ? ನಿಮ್ಮ ಮಗಳು ಮಾಡುತ್ತಿರುವುದೂ ಅದನ್ನೇ. ಆದರೆ ಅವಳು ಮಾಂಸವನ್ನೂ ಬಿಟ್ಟಿದ್ದಾಳೆ. ಅಷ್ಟರಮಟ್ಟಿಗೆ ನಮಗಿಂತ ಪ್ರಾಮಾಣಿಕಳು.

ಅವಳಿಗೆ ನಿಜ ಹೇಳಿ. ಪ್ರಾಣಿ ಸತ್ತೇ ಮಾಂಸವಾಗುತ್ತದೆ. ಅನೇಕ ದೇಶಗಳ ಕಾನೂನಿನಂತೆ ಸಾಮಾನ್ಯವಾಗಿ ಮೊದಲು ಅದರ ಪ್ರಜ್ಞೆ ತಪ್ಪಿಸುತ್ತಾರೆ, ಆಮೇಲೆ ಕತ್ತು ಕೊಯ್ದು ರಕ್ತ ಬಸಿಯುತ್ತಾರೆ. ಈ ವಯಸ್ಸಿಗೆ "ನೋವು ಕಡಿಮೆಯಾಗಲಿ ಅಂತ ಮೊದಲು ಪ್ರಜ್ಞೆ ತಪ್ಪಿಸುತ್ತಾರೆ" ಅಂದರೆ ಸಾಕು. ವಿಡಿಯೊ ತೋರಿಸಬೇಡಿ. "ಪ್ರಾಣಿಗೆ ಏನೂ ಆಗಲ್ಲ" ಅನ್ನಲೂಬೇಡಿ. ಏಳು ವರ್ಷಕ್ಕೆ ಹೆಚ್ಚಿನ ಮಕ್ಕಳಿಗೆ ಸತ್ತದ್ದು ಮತ್ತೆ ಬದುಕುವುದಿಲ್ಲ ಅಂತ ಗೊತ್ತಿರುತ್ತದೆ. ಸುಳ್ಳು ಹೇಳಿದರೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಆ ಹುಡುಗನ ತಂದೆಯ ಕೆಲಸದ ಬಗ್ಗೆಯೂ ಹೇಳಿ. ಒದ್ದೆ ನೆಲ, ಚಳಿ, ಹರಿತವಾದ ಕತ್ತಿ, ದಿನವಿಡೀ ಒಂದೇ ರೀತಿ ಆಡಿಸುವ ಕೈ. ಗಾಯ, ಕೀಲುನೋವು ಜಾಸ್ತಿ. ಪ್ರಾಣಿಗಳಿಂದ ಬ್ರುಸೆಲ್ಲೋಸಿಸ್‌ನಂಥ ಸೋಂಕೂ ತಗಲಬಹುದು. ಕೆಲವರ ಮನಸ್ಸಿಗೂ ಇದು ಭಾರವಾಗುತ್ತದೆ. "ಎಷ್ಟೋ ಮನೆಗಳ ಊಟಕ್ಕಾಗಿ ಅವರು ಈ ಕೆಲಸ ಮಾಡುತ್ತಾರೆ, ಇಷ್ಟು ದಿನ ನಾವೂ ತಿಂದಿದ್ದೇವೆ" ಅನ್ನಿ. ಪ್ರಾಣಿ ಕೊಲ್ಲುವುದು ತಪ್ಪು ಅಂತ ಅವಳಿಗೆ ಆಮೇಲೂ ಅನ್ನಿಸಬಹುದು. ಅನ್ನಿಸಲಿ. ಆದರೆ ಅದಕ್ಕಾಗಿ ಆ ಹುಡುಗನನ್ನು ಆಟದಿಂದ ಹೊರಗಿಡುವಂತಿಲ್ಲ. ಈ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಅವಳ ಮಾತು ಅವನ ಕಿವಿಗೆ ಬಿದ್ದಿದ್ದರೆ ಟೀಚರ್‌ಗೂ ತಿಳಿಸಿ.

ಮಾಂಸ ತಿನ್ನು ಅಂತ ಒತ್ತಾಯ ಬೇಡ. ಕಾಳು, ಬೇಳೆ, ಹಾಲು, ತಿನ್ನುವುದಾದರೆ ಮೊಟ್ಟೆ ಕೊಡಿ. ತಿಂಗಳುಗಟ್ಟಲೆ ಹೀಗೇ ಮುಂದುವರಿದರೆ ಕಬ್ಬಿಣಾಂಶ ಮತ್ತು ಬಿ12 ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.